ಮುನ್ನೂರು ಲಾರಿಗಳ ಧಣಿ

ಇವತ್ತು ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಸೂಚನೆ: ಹೊಸ ಆವೃತ್ತಿ ಬಂದಿದೆ. ಬೇರೆಯವರಿಗೆ ಅದು ಒಂದು ಸಾಲು ಅಷ್ಟೆ. ನನಗೆ ಮಾತ್ರ ಹೊಟ್ಟೆಯೊಳಗೆ ಹಳೆಯ ಉರಿ ಮತ್ತೆ ಹತ್ತಿಕೊಂಡಿತು. ನೀವು ದೊಡ್ಡ ಮನಸ್ಸಿನವರಿರಬಹುದು, ಇನ್ನೊಬ್ಬರ ಜಾಣತನ ಕಂಡರೆ ಚಪ್ಪಾಳೆ ತಟ್ಟುವವರಿರಬಹುದು. ನಾನು ಅಂಥವನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿರಾಸೆ ಬೇಡ.

ಮಣ್ಣಗುಡ್ಡದ ಒಂದು ಮನೆಯ ಮಹಡಿಯಲ್ಲಿ ನಮ್ಮ ಕಚೇರಿ. ಏಳೆಂಟು ಜನ ನಾವು, ನಡೆಸುವವರು ಶೆಟ್ಟರು. ಪಣಂಬೂರಿನ ಒಂದು ಗೋದಾಮಿನಲ್ಲಿ ಲಾರಿಗಳಿಗೆ ಗೇಟ್ ಪಾಸ್ ಕೊಡುವ ವೆಬ್ ತಂತ್ರಾಂಶವನ್ನು ಬರೆದವನು ನಾನು. ಯಾವ ಲಾರಿ ಬಂತು, ಅದರ ಮಾಲೀಕ ಯಾರು, ಏನು ಹೇರಿಕೊಂಡಿತು, ಎಲ್ಲವೂ ಅದರಲ್ಲಿ. ಏನು ಕೆಟ್ಟರೂ ಗೋದಾಮಿನವರು ನನ್ನನ್ನೇ ಕೇಳುತ್ತಿದ್ದರು. ವರ್ಷಗಟ್ಟಲೆ ಹೀಗಾದರೆ ಅದೊಂದು ಚಟ. ಮದುವೆ ಊಟಕ್ಕೆ ಕುಳಿತಾಗ ಅವರ ಫೋನ್ ಬಂದರೆ ಸಿಡುಕಿದ ಹಾಗೆ ಮುಖ ಮಾಡಿ ಒಳಗೊಳಗೇ ಉಬ್ಬುತ್ತಿದ್ದೆ.

ರಜಿಯಾ ಸೇರಿದ್ದು ಆಗ, ನಾಲ್ಕು ವರ್ಷದ ಹಿಂದೆ. ಬಂದರಿನಲ್ಲಿ ಅಂಗಡಿ ಇರುವ ಬ್ಯಾರಿ ಮನೆಯ ಹುಡುಗಿ. ಅವಳಿಗೆ ಕೆಲಸ ಕಲಿಸುವ ಜವಾಬ್ದಾರಿ ನನ್ನದು. ಕಲಿಯುವವರು ಸ್ವಲ್ಪ ನಿಧಾನ ಇದ್ದರೆ ಕಲಿಸುವವನಿಗೆ ಮರ್ಯಾದೆ. ಇವಳಿಗೆ ಆ ದಾಕ್ಷಿಣ್ಯ ಇರಲಿಲ್ಲ. ನಾನು ಹೇಳದೆ ಬಿಟ್ಟದ್ದನ್ನೂ ಮಾರನೆಯ ದಿನ ಬಂದು ಕೇಳುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಶೆಟ್ಟರು, "ಹುಡುಗಿ ಭಾರಿ ಚುರುಕು ಉಂಟು ಮಾರಾಯ್ರೆ" ಎಂದರು. ಬಂಗುಡೆ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿತೆಂದು ಹೇಳಿ ನಾನು ಎದ್ದು ಹೋದೆ. ಮುಳ್ಳೇನೂ ಸಿಕ್ಕಿರಲಿಲ್ಲ.

ಆಮೇಲೆ ಫ್ರೇಮ್‌ವರ್ಕ್ ಬದಲಿಸುವ ಕಾಲ ಬಂತು. ನಮ್ಮಂಥವರು ತಂತ್ರಾಂಶ ಕಟ್ಟುವುದು ಯಾರೋ ಮೊದಲೇ ಮಾಡಿಟ್ಟ ಚೌಕಟ್ಟಿನ ಮೇಲೆ. ಅದರ ಹಳೆಯ ಆವೃತ್ತಿ ತೆಗೆದು ಹೊಸದು ಹಾಕಿದೆ. ಕಚೇರಿಯ ಪರೀಕ್ಷೆಯಲ್ಲಿ ಮುನ್ನೂರು ಲಾರಿಗಳ ಪಟ್ಟಿ ಕಣ್ಣು ಮಿಟುಕಿಸುವುದರೊಳಗೆ ಬಂತು. ಪಣಂಬೂರಿನಲ್ಲಿ ಹಾಕಿದ ದಿನವೇ ಗೇಟಿನ ಗುಮಾಸ್ತ ಪದ್ಮನಾಭನ ಫೋನ್.

"ಎಂತ ಸರ್ ಇದು, ಪಟ್ಟಿ ಬರುವುದೇ ಇಲ್ಲ. ಸುಮ್ಮನೆ ತಿರುಗ್ತಾ ಉಂಟು. ಲಾರಿಯವರು ನನ್ನನ್ನು ತಿನ್ಲಿಕ್ಕೆ ಬರ್ತಾರೆ."

"ನಮ್ಮಲ್ಲಿ ಸರಿ ಉಂಟು. ನಿಮ್ಮ ನೆಟ್‌ವರ್ಕ್ ನೋಡಿ" ಎಂದೆ. ಮರುದಿನವೂ ಅದನ್ನೇ ಅಂದೆ. ಒಂದು ವಾರ ಅಂದೆ. ನಡುವೆ ಸರ್ವರ್‌ಗೆ ಮೆಮೊರಿ ಹೆಚ್ಚಿಸಿದೆ, ಕಂಡಕಂಡದ್ದನ್ನೆಲ್ಲ ಅಳೆದೆ, ನಮ್ಮಲ್ಲಿ ನಿಧಾನದ ಸುಳಿವೇ ಇಲ್ಲ. ಕೊನೆಗೆ ಗೋದಾಮಿನವರು, ಸೋಮವಾರದೊಳಗೆ ಸರಿಯಾಗದಿದ್ದರೆ ನಿಮ್ಮದು ಬೇಡ, ಪುಸ್ತಕದಲ್ಲೇ ಬರೆದುಕೊಳ್ಳುತ್ತೇವೆ ಎಂದರು.

"ಸರ್, ನಾನೊಮ್ಮೆ ಅಲ್ಲಿಗೆ ಹೋಗಿ ನೋಡ್ಲಾ?" ರಜಿಯಾ ಕೇಳಿದಳು.

"ಅಲ್ಲಿ ಎಂತ ನೋಡ್ಲಿಕ್ಕುಂಟು? ಹೋಗುವುದು ಬೇಡ."

ಅವಳು ಒಂದು ದಿನ ರಜೆ ಹಾಕಿ ಬಸ್ಸು ಹತ್ತಿ ಹೋದಳು. ಪದ್ಮನಾಭನ ಪಕ್ಕ ಕುಳಿತು, ಆ ಒಂದು ಪುಟ ತೆರೆಯಲು ತಂತ್ರಾಂಶ ಮಾಹಿತಿ ಕೋಶಕ್ಕೆ ಎಷ್ಟು ಸಲ ಹೋಗಿ ಬರುತ್ತದೆಂದು ಲೆಕ್ಕ ಹಾಕಿದಳು. ಅಲ್ಲಿ ಮುನ್ನೂರಕ್ಕೂ ಹೆಚ್ಚು ಸಲ. ನಮ್ಮ ಪರೀಕ್ಷೆಯಲ್ಲಿ ಎರಡೇ ಸಲ. ಮರುದಿನ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಸರ್, ಟೆಸ್ಟಿಂಗ್‌ಗೆ ಹಾಕಿದ ಲಾರಿಗಳೆಲ್ಲ ಒಂದೇ ನಂಬರಿನವು. ಇದು ಯಾರ ಗಾಡಿ?"

ನನ್ನ ಸ್ಕೂಟರು. ನಂಬರ್ ಕೇಳಿದಲ್ಲೆಲ್ಲ ಕೈ ತನ್ನಷ್ಟಕ್ಕೆ ಅದನ್ನೇ ಹೊಡೆಯುತ್ತಿತ್ತು. ಕಚೇರಿಯ ಕಂಪ್ಯೂಟರಿನಲ್ಲಿ ನಾನು ಮುನ್ನೂರು ಲಾರಿಗಳ ಧಣಿ. ಹಳೆಯ ಆವೃತ್ತಿ ಎಲ್ಲ ಮಾಲೀಕರ ಹೆಸರನ್ನೂ ಒಂದೇ ಸಲಕ್ಕೆ ತರುತ್ತಿತ್ತು. ಹೊಸದು ಒಂದೊಂದು ಲಾರಿಗೂ ಮಾಹಿತಿ ಕೋಶಕ್ಕೆ ಬೇರೆ ಬೇರೆ ಹೋಗುತ್ತದೆ. ಒಮ್ಮೆ ತಂದ ಹೆಸರು ಅದಕ್ಕೆ ನೆನಪಿರುತ್ತದೆ. ಹಾಗಾಗಿ ನನ್ನ ಹೆಸರನ್ನು ಒಂದು ಸಲ ತಂದು ಮುನ್ನೂರು ಕಡೆ ಹಂಚಿ ಕೈ ತೊಳೆದುಕೊಂಡಿತ್ತು. ನಾನು ವಾರಪೂರ್ತಿ ಅಳೆದದ್ದು ನನ್ನ ಸ್ಕೂಟರನ್ನೇ.

ಒಂದು ಸಾಲು ತಿದ್ದಿದಳು, ಎಲ್ಲ ಸರಿಯಾಯಿತು. ಮುಂದಿನ ವಾರ ಪದ್ಮನಾಭ ಫೋನ್ ಮಾಡಿ, "ಆ ಮೇಡಂ ಇದ್ದಾರಾ?" ಎಂದು ಕೇಳಿದ. ಇಲ್ಲ ಎಂದೆ. ಅವಳು ಎದುರಿಗೇ ಕುಳಿತಿದ್ದಳು.

ಗೋದಾಮಿಗೆ ವಿವರಣೆಯ ಪತ್ರ ಬರೆಯಲು ಶೆಟ್ಟರು ಹೇಳಿದ್ದು ನನಗೆ. "ಕೂಲಂಕಷ ಪರಿಶೀಲನೆಯ ಬಳಿಕ ದೋಷವನ್ನು ಪತ್ತೆಹಚ್ಚಲಾಯಿತು" ಎಂದು ಬರೆದೆ. ಪತ್ತೆ ಹಚ್ಚಿದವರು ಯಾರೆಂದು ಬರೆಯಲಿಲ್ಲ. ಕೆಳಗೆ ಸಹಿ ನನ್ನದು. ರಜಿಯಾ ಅದನ್ನು ಓದಿ, "ಸ್ಕೂಟರಿನ ವಿಷಯ ಇಲ್ಲ ಅಲ್ವಾ ಸರ್?" ಎಂದಳು. ಅದೆಲ್ಲ ಅವರಿಗೆ ಅರ್ಥ ಆಗುವುದಿಲ್ಲ ಎಂದೆ. "ಸರಿ ಸರ್" ಎಂದು ಹೋದಳು. ಆಮೇಲೆ ಅವಳು ನನ್ನಲ್ಲಿ ಏನನ್ನೂ ಕೇಳಿ ಕಲಿಯಲಿಲ್ಲ. ನನಗೆ ಬೇಕಾದದ್ದು ಅದೇ ಎಂದುಕೊಂಡಿದ್ದೆ. ಆದರೆ ಅವಳು ಬೇರೆಯವರ ಹತ್ತಿರ ಪ್ರಶ್ನೆ ಕೇಳುವುದು ಕಂಡರೆ ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

ಇವತ್ತು ಹನ್ನೊಂದು ಗಂಟೆಗೆ ಶೆಟ್ಟರು ಬಂದರು. "ಹೊಸತು ಬಂದಿದೆಯಂತಲ್ಲ. ಈ ಸಲದ ಕೆಲಸ ಯಾರಿಗೆ ಕೊಡುವ?"

"ರಜಿಯಾಳಿಗೆ ಕೊಡಿ."

"ಅವಳಿಗಾ? ಕಳೆದ ಸಲ ಪಣಂಬೂರಿನದ್ದು ಹುಡುಕಿದ್ದು ನೀವಲ್ವಾ? ನಿಮ್ಮ ಕಾಗದ ಉಂಟಲ್ಲ ಫೈಲಿನಲ್ಲಿ."

ಎರಡು ಮೇಜಿನ ಆಚೆ ರಜಿಯಾಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳು ಬಾಯಿ ಬಿಡುವವಳಲ್ಲ.

"ಅಲ್ಲ ಶೆಟ್ರೆ. ಹುಡುಕಿದ್ದು ಅವಳು. ತಪ್ಪು ನನ್ನದು" ಎಂದೆ.

ಶೆಟ್ಟರು ಅವಳ ಕಡೆ ತಿರುಗಿದರು. "ಹೌದಾ?"

"ಹೌದು ಸರ್" ಎಂದಳು ರಜಿಯಾ. ಆಮೇಲೆ ನನ್ನ ಮುಖ ನೋಡಿ ಸೇರಿಸಿದಳು: "ಆದರೆ ನನ್ನನ್ನು ಪಣಂಬೂರಿಗೆ ಕಳಿಸಿದ್ದು ಇವರೇ."

ನನ್ನ ಮಾನ ಉಳಿಸಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ತನ್ನ ಶ್ರೇಯದಲ್ಲಿ ನನಗೊಂದು ಪಾಲನ್ನು ಎಷ್ಟು ಸಲೀಸಾಗಿ ಕೊಟ್ಟುಬಿಟ್ಟಳು. ಈ ನಾಲ್ಕು ವರ್ಷದಲ್ಲಿ ಅವಳ ಮೇಲೆ ಅಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿರಲಿಲ್ಲ.

"ಇಲ್ಲ ಶೆಟ್ರೆ" ಎಂದೆ. "ನಾನು ಹೋಗುವುದು ಬೇಡ ಹೇಳಿದ್ದೆ."