ಐಬಿಲ್ಲದ ಬೀರಣ್ಣ

ಬೀರಣ್ಣ ಉಣ್ಣೆ ಕತ್ತರಿಸಲು ಕುಳಿತರೆ ಕುರಿಗೆ ನಿದ್ದೆ ಬರುತ್ತಿತ್ತು. ಬೇರೆಯವರ ಕೈಯಲ್ಲಿ ಒದ್ದಾಡಿ ಊರು ಎಬ್ಬಿಸುವ ಟಗರು ಅವನ ತೊಡೆಗೆ ಒರಗಿ ಕಣ್ಣು ಮುಚ್ಚುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಕತ್ತರಿ ಕುತ್ತಿಗೆಯಿಂದ ಹೊರಟು, ಹೊಟ್ಟೆಯಡಿ ಇಳಿದು, ಬಾಲ ಮುಟ್ಟುವವರೆಗೆ ಒಂದು ಹನಿ ರಕ್ತ ಕಾಣುತ್ತಿರಲಿಲ್ಲ. ತೆಲುಗು ನಾಡಿನ ಗಡಿಯಲ್ಲಿರುವ ನಮ್ಮ ಬೊಮ್ರಾಸಪೇಟ್ ಸುತ್ತಿನ ನಾಲ್ಕಾರು ಊರಿನ ಕುರಿಗಾರರು ಅವನಿಗಾಗಿ ಕಾದು ಕೂಡುತ್ತಿದ್ದರು.

ಅವನ ಬಲಗಾಲು ಮಾತ್ರ ಮಡಚುತ್ತಿರಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ತಾಂಡೂರಿಗೆ ಹೋಗಿ ಬಂಡೆ ಪಾಲಿಶ್ ಮಾಡುವ ಶೆಡ್ಡಿನಲ್ಲಿ ದುಡಿಯುತ್ತಿದ್ದ. ನಿಲ್ಲಿಸಿಟ್ಟ ಪರ್ಸಿ ಚಪ್ಪಡಿಗಳ ಸಾಲು ಒಂದು ದಿನ ಜಾರಿ ಮೊಣಕಾಲಿನ ಮೇಲೆ ಬಿತ್ತು. ಎಲುಬು ಕೂಡಿತು, ಕೀಲು ಕೂಡಲಿಲ್ಲ. ಆ ಕಾಲು ಬಾಗಿಲಿನ ಅಗಳಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಊರಿಗೆ ಬಂದ, ಶರಣಬಸಮ್ಮನನ್ನು ಮದುವೆಯಾದ, ನಾಲ್ಕು ಕುರಿಯಿಂದ ಹಿಂಡು ಕಟ್ಟಿದ.

ಕಾಲು ನೆಟ್ಟಗಿದ್ದವನು ಕುರಿಯ ಹಿಂದೆ ಓಡುವುದು ಹೇಗೆ? ಅದಕ್ಕೆ ಮೈಲಾರಿ ಇದ್ದ. ಮೂವತ್ತು ದಾಟಿದ ಆಳು, ಮೂರು ಮಕ್ಕಳ ತಂದೆ, ಜಿಂಕೆಯ ಕಾಲಿನವನು. ಬೀರಣ್ಣನಿಗೆ ತಿಂಗಳು ತಿಂಗಳು ಬರುತ್ತಿದ್ದ ಅಂಗವಿಕಲರ ಪಿಂಚಣಿ ಪೋಸ್ಟಿನಿಂದ ನೇರ ಮೈಲಾರಿಯ ಕೈಗೆ ಹೋಗುತ್ತಿತ್ತು. ಸರ್ಕಾರದ ದುಡ್ಡು ಮೈಲಾರಿಯ ಕಾಲಾಗಿ ಅಡವಿಯಲ್ಲಿ ಓಡುತ್ತಿತ್ತು ಎನ್ನಬಹುದು. ಈ ಲೆಕ್ಕ ಊರಿನ ಕಣ್ಣಿಗೆ ಬೀಳಲಿಲ್ಲ. ಅವನು ಕೂತು ಕತ್ತರಿ ಆಡಿಸುವುದಷ್ಟೇ ಕಾಣುತ್ತಿತ್ತು. ಕೂತವನು ಏಳುವುದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ, ಕಾಲು ಕಟ್ಟಿದ ಕುರಿಯ ಹಾಗೆ ಒಂದು ಮಗ್ಗುಲಿಗೆ ಉರುಳಿ, ನೆಲಕ್ಕೆ ಮೊಣಕೈ ಊರಿ, ಶರಣಬಸಮ್ಮನ ಹೆಗಲು ಹಿಡಿದು ಏಳಬೇಕಿತ್ತು.

ಹೋದ ವರ್ಷದ ಹಿಂದಿನ ವರ್ಷ, ಪಿಂಚಣಿಯ ಪಟ್ಟಿ ಮತ್ತೆ ಪರೀಕ್ಷೆಯಾಗುತ್ತದೆ, ಸುಳ್ಳು ಹೆಸರು ಕಿತ್ತು ಹಾಕುತ್ತಾರೆ ಎಂಬ ಸುದ್ದಿ ಬಂತು. ಚಾದಂಗಡಿಯಲ್ಲಿ ಹಬ್ಬವಾಯಿತು.

"ಬರ್ಲಿ, ಬರ್ಲಿ. ಬರೋದ ತಡ ಆತು" ಎಂದ ಸಿದ್ದರಾಮ. ಕೆರೆಯ ಕೆಳಗೆ ಎಂಟು ಎಕರೆ ತೊಗರಿ ಹಾಕುವವನು. ನನ್ನ ಕಡೆ ತಿರುಗಿದ. "ನಾವು ಬಿಸಲಾಗ ಬೆನ್ನು ಸುಡಸ್ಕೊಂಬೋದು, ಗಟ್ಟಿ ಇದ್ದವ್ರು ಕುಂತು ತಿಂಬೋದು. ಆ ನಂದಕಿಶೋರ ನೋಡ್ರಿ ಕಾಕಾ. ಕಾಗದದಾಗ ಕಿವುಡ ಅದಾನ. ಹಿಂದಿನಿಂದ 'ಚಾ' ಅಂತ ಪಿಸುಗುಟ್ಟಿದ್ರ ಕಪ್ಪು ಹಿಡ್ಕೊಂಡು ಬರ್ತಾನ!"

ಎಲ್ಲರೂ ನಕ್ಕರು. ನಾನೂ ನಕ್ಕೆ. "ಕಳಿ ಕೀಳದಿದ್ರ ಬೆಳಿ ಬರ್ತದೇನೋ?" ಎಂದು ಗಾದೆಯ ಹಾಗೆ ಒಂದು ಮಾತು ಸೇರಿಸಿದೆ. ಕಳೆ ಕೀಳುವ ಕೈ ಬೆಳೆಯ ಬುಡಕ್ಕೂ ಹೋಗುತ್ತದೆಂದು ಆಗ ಹೊಳೆಯಲಿಲ್ಲ. ಬೀರಣ್ಣನೂ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಅವನೂ ನಗುತ್ತಿದ್ದ.

ಮಂಡಲದ ಆಫೀಸಿನಿಂದ ಇಬ್ಬರು ಸಾಹೇಬರು ಬಂದದ್ದು ಚೈತ್ರದ ಬಿಸಿಲಿನಲ್ಲಿ. ಪಂಚಾಯತಿ ಕೋಣೆಗೆ ಫ್ಯಾನ್ ಇಲ್ಲ ಎಂದು ಬೀರಪ್ಪನ ಗುಡಿಯ ಕಟ್ಟೆಗೆ ಕರೆತಂದೆವು. ತಪ್ಪು ಅಲ್ಲಿಂದಲೇ ಶುರುವಾಯಿತು. ದೊಡ್ಡವರು ಬಂದಿದ್ದಾರೆಂದು ಹಿರಿಯರು ಗುಡಿಯ ಕರಿಕಂಬಳಿ ತಂದು ಹಾಸಿದರು.

ನಮ್ಮ ಕುರುಬರಲ್ಲಿ ಒಂದು ಕಟ್ಟು ಇದೆ. ದೇವರ ಮುಂದೆ ಕಂಬಳಿ ಬಿತ್ತೆಂದರೆ ಅಲ್ಲಿ ಮನುಷ್ಯನ ಮೈಯ ಐಬು ಆಡಬಾರದು. ಕುಂಟ, ಕುರುಡ ಎಂಬ ಮಾತು ಅಲ್ಲಿ ಬಾಯಿಗೆ ಬಂದರೆ ಬೈಗಳಿಗಿಂತ ಕಡೆ, ದಂಡ ಬೀಳುತ್ತದೆ. ಗುಣ ಇದ್ದರೆ ಹೇಳು, ಇಲ್ಲದಿದ್ದರೆ ಬಾಯಿ ಮುಚ್ಚು. ಅಜ್ಜಂದಿರು ಹಾಕಿದ ಈ ಕಟ್ಟು ಎಷ್ಟೋ ಜನರ ಮರ್ಯಾದೆ ಕಾದಿದೆ. ಆ ದಿನ ಅದೇ ಕೊರಳಿಗೆ ಬಂತು.

ಸಾಹೇಬರದು ತೆಲುಗು. ಊರಿನ ಮಾತನ್ನು ತೆಲುಗಿಗೆ ತಿರುಗಿಸಿ ಬರೆಯಲು ನನ್ನನ್ನು ಕೂರಿಸಿದರು. ಶಾಲೆಯ ಮೆಟ್ಟಿಲು ಹತ್ತದೆ ಬಸ್ಸಿನ ಬೋರ್ಡು, ಸಿಮೆಂಟ್ ಚೀಲ ಓದಿ ಎರಡು ಲಿಪಿ ಕಲಿತವನು ನಾನು. ಆ ಕೆಲಸ ಸಿಕ್ಕಿದ್ದಕ್ಕೆ ಎದೆ ಒಂದು ಗೇಣು ಉಬ್ಬಿತ್ತು. ಬೀರಣ್ಣನ ಹೆಸರು ಕೂಗಿದರು.

"ಈತ ಕೆಲಸ ಮಾಡ್ತಾನಾ?" ಸಾಹೇಬರು ಕೇಳಿದರು.

ಸಭೆ ಕಂಬಳಿಯ ಕಡೆ ನೋಡಿತು. ಮೊದಲು ಬಾಯಿ ಬಿಟ್ಟವನು ಸಿದ್ದರಾಮನೇ. ಕೆಡುಕು ಬಗೆದು ಹೇಳಲಿಲ್ಲ, ದೇವರಾಣೆ. "ಬೀರಣ್ಣಂದು ಏನ್ ಕೇಳ್ತೀರಿ ಸಾಹೇಬ್ರ? ದಿನಕ್ಕ ಮೂವತ್ತು ಕುರಿ ಬೋಳಸ್ತಾನ. ಅವನ ಕತ್ತರಿಗೆ ಸರಿ ಮತ್ತೊಂದಿಲ್ಲ."

"ಹಿಂಡು ಕಟ್ಯಾನ್ರಿ, ಗಂಡಸು" ಎಂದ ಇನ್ನೊಬ್ಬ.

ಸಾಹೇಬರು ಬೀರಣ್ಣನ ಕಡೆ ತಿರುಗಿದರು. "ನಡೆದು ತೋರಿಸು."

ಅವನು ಕೋಲು ಊರುವುದು ಬಿಟ್ಟು ಹೆಗಲ ಮೇಲೆ ಅಡ್ಡ ಇಟ್ಟುಕೊಂಡ. ಮಡಚದ ಕಾಲನ್ನು ಧೋತ್ರದಲ್ಲಿ ಮರೆಸಿ, ಬೇವಿನ ಮರದವರೆಗೆ ಹೋಗಿ ಬಂದ. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ತುಟಿ ಮಾತ್ರ ನಗುತ್ತಿತ್ತು. "ಏನರ ತ್ರಾಸ ಅದೇನು?" ಎಂದು ನಾನೇ ಕೇಳಿದೆ. "ತ್ರಾಸ ಏನದ ಕಾಕಾ? ಎಲ್ಲಾ ಛಲೋ ಅದ" ಎಂದ. ಹೆಂಗಸರ ಗುಂಪಿನಲ್ಲಿ ಶರಣಬಸಮ್ಮ ಸೆರಗಿನ ತುದಿ ಕಚ್ಚಿ ನಿಂತಿದ್ದಳು.

ಹೇಳಿದ್ದನ್ನೆಲ್ಲ ದುಂಡಗೆ ಬರೆದೆ. ಸಾಲದ್ದಕ್ಕೆ 'ಇವರು ಉಣ್ಣೆ ಕತ್ತರಿಸುವುದರಲ್ಲಿ ಬಹು ನಿಪುಣರು' ಎಂದು ನನ್ನದೊಂದು ಸಾಲು ಕೂಡಿಸಿದೆ. ಕೆಳಗೆ ಸಹಿ ಮಾಡಿದೆ. ನಂದಕಿಶೋರ ಆ ದಿನ ತಾಂಡೂರಿನ ಮಗಳ ಮನೆಯಲ್ಲಿದ್ದ. ಅವನ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಬಂತು, ಮೊಹರು ಸರಿ ಇತ್ತು, ಪಾಸಾಯಿತು.

ಮುಂಗಾರು ಹಿಡಿಯುವ ಹೊತ್ತಿಗೆ ಪೋಸ್ಟಿನವನು ಬೀರಣ್ಣನ ಹೆಬ್ಬೆರಳು ಮೆಷಿನಿನ ಮೇಲಿಡಿಸಿ ತಲೆ ಆಡಿಸಿದ. ಹೆಸರು ಇಲ್ಲ. ಇಬ್ಬರೂ ಮಂಡಲದ ಆಫೀಸಿಗೆ ಹೋದೆವು. ಅಲ್ಲಿಯ ಹುಡುಗಿ ನನ್ನ ಬರಹವನ್ನೇ ತೆಗೆದು ಮುಂದಿಟ್ಟಳು.

"ನಿಮ್ಮ ಊರೇ ಹೇಳ್ಯಾದಲ್ರಿ ತಾತಾ. ಕೆಳಗ ಸಹಿ ಯಾರ್ದು?"

ನನ್ನ ಅಕ್ಷರ ನನಗೇ ಹಾವಿನ ಹಾಗೆ ಕಂಡಿತು. ಡಾಕ್ಟರರ ಕ್ಯಾಂಪಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಿ, ಸರದಿ ಬಂದಾಗ ಫೋನಿಗೆ ಮೆಸೇಜು ಬರುತ್ತದೆ ಎಂದಳು. ಹಿಂದಿರುಗುವ ಬಸ್ಸಿನಲ್ಲಿ ಬೀರಣ್ಣ ಒಂದೇ ಮಾತು ಆಡಿದ. "ಬರ್ದಿದ್ದು ಸುಳ್ಳೇನಲ್ಲ ಬಿಡು ಕಾಕಾ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೈಲಾರಿ ಎರಡು ತಿಂಗಳು ಪುಕ್ಕಟೆ ಹಿಂಡು ಕಾದ. ಆಮೇಲೆ ಒಂದು ಮುಂಜಾನೆ ಅಂಗಳಕ್ಕೆ ಬಂದು ಕೈ ಮುಗಿದ. "ಅಣ್ಣಾ, ಮಕ್ಕಳು ಹೊಟ್ಟಿಗೆ ಕೇಳ್ತಾವ. ಜಹೀರಾಬಾದಿನ ಕಾರ್ಖಾನ್ಯಾಗ ಕೆಲಸ ಸಿಕ್ಕದ." ಬೀರಣ್ಣ ತಡೆಯಲಿಲ್ಲ. ದಾರಿಗೆ ಬುತ್ತಿ ಕಟ್ಟಿಸಿದ.

ಶರಣಬಸಮ್ಮ ಮುಂದೆ, ಅವನು ಹಿಂದೆ, ಹಿಂಡು ಹೊಡೆಯತೊಡಗಿದರು. ತೊಗರಿ ಹೂ ಬಿಟ್ಟ ಕಾಲ. ಅವಳು ಮರಿ ಹಾಕುತ್ತಿದ್ದ ಒಂದು ಕುರಿಯ ಬಳಿ ಕುಳಿತಿದ್ದಾಗ ಹಿಂಡು ಸಿದ್ದರಾಮನ ಹೊಲಕ್ಕೆ ನುಗ್ಗಿತು. ಬೀರಣ್ಣ ಬದುವಿನ ಮೇಲೆ ನಿಂತು ಕೂಗಿದ, ಕಲ್ಲು ಎಸೆದ, ಓಡಲು ಹೋಗಿ ಮುಖ ಕೆಳಗಾಗಿ ಬಿದ್ದ. ಅವನು ಮಗ್ಗುಲಿಗೆ ಉರುಳಿ ಏಳುವಷ್ಟರಲ್ಲಿ ಆರು ಸಾಲು ಬೋಳಾಗಿತ್ತು. ಓಡಿ ಬಂದ ಸಿದ್ದರಾಮ ನಡು ಹೊಲದಲ್ಲಿ ನಿಂತು ನಾಲ್ಕು ಜನರ ಮುಂದೆ ಅಂದ:

"ಕುಂಟಗ್ಯಾಕೋ ಕುರಿ? ಓಡಾಕ ಬರಲ್ದವ ಮನ್ಯಾಗ ಬಿದ್ದಿರಬೇಕು!"

ಇಪ್ಪತ್ತೈದು ವರ್ಷದಲ್ಲಿ ಬೀರಣ್ಣನಿಗೆ ಆ ಮಾತು ಎದುರಿಗೆ ಅಂದವರಿರಲಿಲ್ಲ. ಅವನು ಬಟ್ಟೆಯ ಮಣ್ಣನ್ನೂ ಒರೆಸಿಕೊಳ್ಳಲಿಲ್ಲ. ಮುಂದಿನ ಸಂತೆಯ ದಿನ ಗಾಡಿ ತರಿಸಿ ಇಡೀ ಹಿಂಡನ್ನು ಮಾರಾಟಕ್ಕೆ ಹತ್ತಿಸಿದ. ಮೊನ್ನೆ ಹುಟ್ಟಿದ ಮರಿಯನ್ನು ಶರಣಬಸಮ್ಮ ಎದೆಗೆ ಅವಚಿಕೊಂಡಿದ್ದಳು. ತಾಯಿ ಗಾಡಿಯಲ್ಲಿ ಕೂಗತೊಡಗಿದಾಗ ತಾನೇ ಹೋಗಿ ಮರಿಯನ್ನೂ ಮೇಲೆ ಬಿಟ್ಟಳು.

ಹಿಂಡು ಹೋಗಿ ನಾಲ್ಕು ತಿಂಗಳಾದ ಮೇಲೆ ಕ್ಯಾಂಪಿನ ಸರದಿ ಬಂತು. ಗಂಡ ಹೆಂಡತಿಯ ಜೊತೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಪಾಠ ಹೇಳಿದೆ. "ಇಲ್ಲಿ ಕಂಬಳಿ ಇಲ್ಲೋ ಬೀರ್ಯಾ. ಆಗಲ್ದು ಅಂದ್ರ ಆಗಲ್ದು ಅನ್ನು." ಹೂಂ ಎಂದ. ಕ್ಯಾಂಪಿನ ಕೋಣೆಯ ತುಂಬ ಜನ, ಪರದೆ ಇಲ್ಲ. ಡಾಕ್ಟರು ಕೇಳಿದರು, "ಏನೇನು ಮಾಡಲು ಬರುವುದಿಲ್ಲ?"

ಬೀರಣ್ಣ ಗೋಡೆ ನೋಡಿದ. ಮತ್ತೆ ಕೇಳಿದರು. ಗೋಡೆ ನೋಡಿದ. ಆಗ ಶರಣಬಸಮ್ಮ ಮುಂದೆ ಬಂದಳು.

"ನಾ ಹೇಳ್ತೀನ್ರಿ. ಕುಂತ್ರ ಏಳಾಕ ಆಗಲ್ದು, ನಾ ಎಬ್ಬಸ್ಬೇಕು. ಬೈಲಕಡಿಗೆ ಹೋದ್ರ ಕುಂದ್ರಾಕ ಆಗಲ್ದು, ನಾ ಹಿಡಕೊಂಡು ನಿಂದ್ರಬೇಕು. ಧೋತ್ರ ಉಡಸಬೇಕು. ರಾತ್ರಿ ಮಗ್ಗಲಾ ಹೊರಳಾಕ ಆಗಲ್ದೆ ಅಳ್ತಾನ್ರಿ, ನಾ ಮಲಗೀನಿ ಅಂತ ತಿಳ್ಕೊಂಡು ಅಳ್ತಾನ."

ಸರದಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಯಾರೋ ಒಬ್ಬ ಹೆಂಗಸು ಲೊಚಗುಟ್ಟಿದಳು. ಡಾಕ್ಟರು ಬರೆದರು. ಪಿಂಚಣಿಗೆ ಬೇಕಾದಷ್ಟು ಅಂಗವಿಕಲತೆಯ ಪರ್ಸೆಂಟ್ ಬಂತು.

ಪಿಂಚಣಿ ಮರಳಿ ಶುರುವಾಗಿ ಈಗ ವರ್ಷವಾಗುತ್ತಾ ಬಂತು. ಮೈಲಾರಿ ಜಹೀರಾಬಾದಿನಲ್ಲೇ ಉಳಿದ. ಅಟ್ಟಿಸಿಕೊಂಡು ಹೋಗಲು ಕುರಿಯೂ ಇಲ್ಲ. ಬೀರಣ್ಣ ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ. ಅವಳ ಹೆಗಲು ಹಿಡಿಯುವುದನ್ನು ಬಿಟ್ಟು, ಕಂಬಕ್ಕೆ ಒಂದು ಹಗ್ಗ ಕಟ್ಟಿಕೊಂಡು ಅದನ್ನು ಹಿಡಿದು ಏಳುತ್ತಾನೆ.

ಈ ಸಲದ ಉಣ್ಣೆಯ ಕಾಲದಲ್ಲಿ ಸಿರ್ಗಾಪುರದ ಕಡೆಯ ಕುರಿಗಾರರು ಹುಡುಕಿಕೊಂಡು ಬಂದರು. ಅಷ್ಟು ದೂರದಿಂದ, ಅವನ ಕೈಯ ಹೆಸರು ಕೇಳಿ. ನಾನೇ ಮನೆ ತೋರಿಸಿದೆ. ಬೀರಣ್ಣ ಅವರಿಗೆ ನೀರು ಕೊಡಿಸಿದ, ತಲೆ ಅಲ್ಲಾಡಿಸಿದ.

"ಕತ್ತರಿ ಹಿಡಿಯಲ್ರಿ. ಏನೂ ಮಾಡಾಕ ಬರಲ್ದು ಅಂತ ಬರೆಸೀನಿ. ಯಾರರ ಫೋಟೋ ಹೊಡದು ಆಫೀಸಿಗೆ ಕಳಿಸಿದ್ರ?"

"ಯಾರ್ ಕಳಸ್ತಾರೋ ಹುಚ್ಚಾ?" ಎಂದೆ.

ಅವನು ನನ್ನ ಮುಖ ನೋಡಿದ. ನಾನು ಎದ್ದು ಚಪ್ಪಲಿ ಮೆಟ್ಟಿದೆ.

ಬಂದವರು ಬರಿಗೈಯಲ್ಲಿ ಹೋದರು. ಅವರನ್ನು ಬಸ್ಸಿಗೆ ಬಿಡಲು ಚಾದಂಗಡಿಯ ಮುಂದೆ ನಿಂತಿದ್ದೆ. ಸಿದ್ದರಾಮ ಬೆಂಚಿನ ಮೇಲಿಂದ ಕೇಳಿದ, "ಒಲ್ಲೆ ಅಂದನೇನ್ರಿ ಕಾಕಾ? ಹೌದಲ್ರಿ, ಕುಂತಲ್ಲೇ ಪಿಂಚಣಿ ಬರ್ತದ, ಯಾಕ ದುಡೀತಾನ?"

ಬೆಂಚಿನ ಮೇಲಿದ್ದ ನಾಲ್ಕೈದು ಜನ ಹೌದೌದು ಎಂದರು.