ಮರಕ್ಕೆ ಕಿವಿಗೊಟ್ಟ ಪಕೀರಪ್ಪ

ಮಲಪನಗುಡಿಯ ಪಕೀರಪ್ಪ ಯಾವ ಮರವನ್ನೂ ಬಡಿದು ನೋಡದೆ ಹತ್ತುತ್ತಿರಲಿಲ್ಲ. ಬಲಗಿವಿಯನ್ನು ತೊಗಟೆಗೆ ಹಚ್ಚಿ, ಕಣ್ಣು ಮುಚ್ಚಿ, ಕೊಡಲಿಯ ಹಿಂಬದಿಯಿಂದ ಬೊಡ್ಡೆಗೆ ಮೂರು ಏಟು, ಆಮೇಲೆ ಆಳೆತ್ತರದಲ್ಲಿ ಇನ್ನು ಮೂರು. ಟೊಳ್ಳು ಮರವಾದರೆ ಡೊಳ್ಳಿನ ಹಾಗೆ 'ಡಬ್' ಅನ್ನಬೇಕು, ಗಟ್ಟಿಯಾದರೆ 'ಟಪ್' ಅಂದು ಸದ್ದು ಅಲ್ಲೇ ಸಾಯಬೇಕು. ಅಷ್ಟು ಹೊತ್ತು ಮನೆಯವರು ಮಾತಾಡುವ ಹಾಗಿಲ್ಲ, ಮಿಕ್ಸಿ ಹಾಕುವ ಹಾಗಿಲ್ಲ. ಕಣ್ಣು ತೆರೆದು ಅವನು 'ನಿಲ್ತೈತಿ' ಅಂದರೆ ಮರ ನಿಲ್ಲುತ್ತಿತ್ತು, 'ಬೀಳ್ತೈತಿ' ಅಂದರೆ ಆ ವರ್ಷವಲ್ಲದಿದ್ದರೆ ಮುಂದಿನ ವರ್ಷದ ಗಾಳಿಗೆ ಬಿದ್ದೇ ಬೀಳುತ್ತಿತ್ತು. ಮೂವತ್ತು ವರ್ಷದಲ್ಲಿ ಈ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಅತ್ತ ಕಂಪ್ಲಿ, ಇತ್ತ ಸಂಡೂರು, ನಡುವೆ ಹೊಸಪೇಟೆ, ಎಲ್ಲ ಕಡೆಯ ಜನ ಅವನನ್ನು ಕರೆಸುತ್ತಿದ್ದುದು ಕಿವಿಯನ್ನು ನಂಬಿಯೇ ಹೊರತು ಕೊಡಲಿಯನ್ನು ನಂಬಿ ಅಲ್ಲ. ಕೊಡಲಿ ಯಾರ ಮನೆಯಲ್ಲಿಲ್ಲ?

ಮರ ಉರುಳಿಸುವುದು ಅವನ ಕಸುಬಲ್ಲ. ಒಣಗಿದ ಟೊಂಗೆ ಇಳಿಸುವುದು, ವಾಲಿದ ಮರದ ಭಾರ ತಗ್ಗಿಸುವುದು, ಹೆಂಚಿನ ಮೇಲೆ ಚಾಚಿದ ಕೊಂಬೆಯನ್ನು ಹಗ್ಗ ಕಟ್ಟಿ ಒಂದು ಹೆಂಚೂ ಒಡೆಯದ ಹಾಗೆ ನೆಲಕ್ಕೆ ತರುವುದು, ಕಡಿದ ಗಾಯಕ್ಕೆ ಸಗಣಿ ಮೆತ್ತುವುದು, ಇದು ಅವನ ಕೆಲಸ. ಹಂಪಿ ಬಜಾರಿನ ಅಂಗಡಿಯವರು ತಗಡಿನ ಮೇಲೆ ಬಾಗಿದ ಅರಳಿ ಟೊಂಗೆಗೆ ವರ್ಷಕ್ಕೊಮ್ಮೆ ಅವನಿಗೇ ಹೇಳಿ ಕಳಿಸುತ್ತಿದ್ದರು. ಯಾರಾದರೂ ಬುಡಸಮೇತ ಕಡಿದು ಒಗೆ ಅಂದರೆ, 'ಕಡಿಯಾಕ ಮಷಿನ್ನಿನವ್ರು ಅದಾರ, ಅವ್ರನ್ನ ಕರೀರಿ' ಎಂದು ಚಪ್ಪಲಿ ಮೆಟ್ಟಿಬಿಡುವನು. ಸ್ವಲ್ಪ ಜಂಬದ ಮನುಷ್ಯನೇ ಅನ್ನಿ. ಓದು ಬರಹ ಇಲ್ಲದವನಿಗೆ ಜಂಬಪಡಲು ಇದ್ದದ್ದು ಅದೊಂದೇ ಕಿವಿ.

ಗಣಿಯ ಹುಚ್ಚು ಏರಿದ ಮೇಲೆ ಆ ಜಂಬಕ್ಕೂ ದಣಿವು ಹತ್ತಿತು. ಎರಡು ಸಾವಿರದ ಎಂಟರ ಹೊತ್ತಿಗೆ ಸಂಡೂರು ದಾರಿಯ ತುಂಬ ಅದಿರಿನ ಲಾರಿಗಳು, ಒಂದರ ಹಿಂದೊಂದು. ಮರದ ಎಲೆ ಹಸಿರಾಗಿರುತ್ತದೆ ಎಂಬುದನ್ನು ಆ ದಾರಿಯ ಮಕ್ಕಳು ಶಾಲೆಯ ಪುಸ್ತಕ ನೋಡಿಯೇ ತಿಳಿಯಬೇಕು. ಟೊಂಗೆಯೊಂದು ಅಲುಗಿದರೆ ತಲೆ ಮೇಲೆ ಕೆಂಪು ಪುಡಿ ಸುರಿಯುತ್ತಿತ್ತು. ಬಾಯಿಗೆ ಟವೆಲ್ ಕಟ್ಟಿದರೆ ಉಸಿರು ಸಿಗದು, ಬಿಚ್ಚಿದರೆ ಕೆಮ್ಮು ಬಿಡದು. ಹಿಂದೆ ಒಂದೇ ದಮ್ಮಿಗೆ ಹತ್ತುತ್ತಿದ್ದ ಮರಕ್ಕೆ ಐವತ್ನಾಲ್ಕರ ಪಕೀರಪ್ಪ ಈಗ ಮೂರು ಕಡೆ ನಿಲ್ಲಬೇಕು. ಕೆಳಗಿನವರಿಗೆ ಗೊತ್ತಾಗಬಾರದೆಂದು, ನಿಂತಲ್ಲಿ ಏನೋ ಪರೀಕ್ಷೆ ಮಾಡುವವನ ಹಾಗೆ ಟೊಂಗೆ ತಟ್ಟುತ್ತ ಕಾಲ ಕಳೆಯುವನು. ಹೆಂಡತಿ ದ್ಯಾಮಕ್ಕನಿಗೆ ಮಾತ್ರ ಅದು ಗೊತ್ತಿತ್ತು.

ಗೊತ್ತಾಗದೆ ಏನು, ಕೆಳಗೆ ಹಗ್ಗ ಹಿಡಿದು ನಿಲ್ಲುವವಳೇ ಅವಳು. ಮೊದಲು ಹಗ್ಗ ಹಿಡಿಯುತ್ತಿದ್ದವನು ಸೋದರಳಿಯ ಯಲ್ಲೇಶ್. ಹತ್ತು ವರ್ಷ ಜೊತೆಗಿದ್ದವನು ಲೈಸೆನ್ಸ್ ಮಾಡಿಸಿಕೊಂಡು ಅದಿರಿನ ಲಾರಿ ಹತ್ತಿದ. ಬೇರೆಯವರನ್ನು ಹುಡುಕಿದರೆ ಎಲ್ಲರೂ ಗಣಿಗೆ ಹೋದವರೇ. ಕೊನೆಗೆ ದ್ಯಾಮಕ್ಕ ಸೀರೆಯ ಕಚ್ಚೆ ಬಿಗಿದು ಹಗ್ಗ ಕೈಗೆ ತಗೊಂಡಳು. ಮೇಲಿಂದ ಅವನು ಎರಡು ಸಲ ಜಗ್ಗಿದರೆ ಬಿಡು, ಒಂದು ಸಲ ಜಗ್ಗಿದರೆ ತಡಿ. ಮೂವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರು ಇಷ್ಟು ಚೆನ್ನಾಗಿ ಬೇರೆಲ್ಲೂ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳು ಒಂದು ಮಾತು ಹೇಳಿದ್ದಳು. "ಮ್ಯಾಲಿಂದ ಬೀಳೋ ಗರಗಸದ ಪುಡಿ ಒಮ್ಮೊಮ್ಮೆ ಕೆಂಪಗ ಇರ್ತೈತ್ರಿ. ಒಳಗಿಂದು ಬೆಳ್ಳಗ ಇರಬೇಕಲ್ಲ?"

"ಊರೆಲ್ಲ ಕೆಂಪಗೈತಿ, ಪುಡಿ ಹೆಂಗ ಬೆಳ್ಳಗ ಇರ್ತೈತಿ? ನೀ ಹಗ್ಗ ಹಿಡಿ, ಮರದ ಮಾತು ನನಗ ಬಿಡು" ಅಂದಿದ್ದ ಪಕೀರಪ್ಪ.

ಬಂಡ್ರಿಯ ಹತ್ತಿರ, ರಸ್ತೆ ಬದಿಯ ದೊಡ್ಡ ಹುಣಸೆಮರದ ಕೆಳಗೆ ನಿಂಗಕ್ಕನ ಚಪ್ಪರದ ಹೋಟೆಲ್ಲು. ಮಂಡಕ್ಕಿ, ಮಿರ್ಚಿ, ಚಾ. ಮರದ ಮುಂದೆಯೇ ರಸ್ತೆಯುಬ್ಬು ಇದ್ದದ್ದರಿಂದ ಲಾರಿಗಳೆಲ್ಲ ಅಲ್ಲಿ ಜಿಗಿದು ನಿಧಾನ ಆಗುತ್ತಿದ್ದವು, ನೆರಳು ಕಂಡ ಡ್ರೈವರುಗಳು ಹಾಗೇ ನಿಲ್ಲಿಸಿ ಇಳಿಯುತ್ತಿದ್ದರು. ವೈಶಾಖದ ಗಾಳಿಗೆ ಒಂದು ಕೊಂಬೆ ಮುರಿದು ಚಪ್ಪರದ ಮೇಲೆ ಬಿತ್ತು. ಪಕ್ಕದಲ್ಲಿ ಅದಿರಿನ ಲಾರಿ ತೂಗುವ ತೂಕದ ಕಟ್ಟೆಯವನಿಗೆ ಲಾರಿ ನಿಲ್ಲಿಸಲು ಜಾಗ ಬೇಕಿತ್ತು. ಮರ ತೆಗೆಸಿಬಿಡೋಣ ಎಂದು ಅವನು ದಿನಾ ಬಂದು ತಲೆ ತಿನ್ನತೊಡಗಿದ. ನಿಂಗಕ್ಕ ಪಕೀರಪ್ಪನಿಗೆ ಹೇಳಿ ಕಳಿಸಿದಳು.

"ಪಕೀರಣ್ಣ, ನೆರಳಿದ್ರ ನನ್ನ ಹೋಟ್ಲು, ಇಲ್ಲಾಂದ್ರ ನಾ ಯಾರು? ನೋಡಿ ಒಂದು ಮಾತು ಹೇಳು."

ಪಕೀರಪ್ಪ ಲಾರಿಗಳ ಗದ್ದಲ ಒಂದಿಷ್ಟು ತಗ್ಗುವವರೆಗೆ ಕಾದು, ಕಿವಿ ಹಚ್ಚಿ ಬಡಿದ. ಟಪ್. ಇನ್ನೊಂದು ಬದಿಗೂ ಬಡಿದ. ಟಪ್. ಕಲ್ಲಿನಂಥ ಸದ್ದು.

"ನಿಲ್ತೈತಿ ನಿಂಗಕ್ಕ. ಎರಡು ಟೊಂಗಿ ಇಳಿಸಿದ್ರ ನಿನ್ನ ಮೊಮ್ಮಕ್ಕಳ ಕಾಲಕ್ಕೂ ನಿಲ್ತೈತಿ" ಅಂದ, ತೂಕದ ಕಟ್ಟೆಯವನಿಗೂ ಕೇಳುವ ಹಾಗೆ. ಚಾ ಕುಡಿಯುತ್ತಿದ್ದ ಯಲ್ಲೇಶ್ ನಕ್ಕು, "ಮಾವ ಅಂದಮ್ಯಾಲ ಮುಗೀತು" ಎಂದ. ನಿಂಗಕ್ಕ ಬಿಸಿ ಮಿರ್ಚಿ ತಂದು ಕೊಟ್ಟಳು.

ಮರದಲ್ಲಿ ಎರಡಾಳು ಎತ್ತರಕ್ಕೆ ಕವಲು. ಅಲ್ಲಿ ಹಿಂದೆಂದೋ ದೊಡ್ಡ ಕೊಂಬೆ ಮುರಿದ ಜಾಗದಲ್ಲಿ ಪೊಟರೆಯ ಬಾಯಿ. ಪಕೀರಪ್ಪ ದಮ್ಮು ಹತ್ತಿ ಅಲ್ಲಿ ನಿಂತ. ಸುಮ್ಮನೆ ನಿಂತದ್ದು ಕಾಣಬಾರದೆಂದು ಎಂದಿನಂತೆ ಏನೋ ಪರೀಕ್ಷೆ ಮಾಡುವವನ ಹಾಗೆ ಪೊಟರೆಗೆ ಕೈ ಹಾಕಿದ. ಕೈಗೆ ತಣ್ಣಗೆ, ಒತ್ತಾಗಿ ಏನೋ ಸಿಕ್ಕಿತು. ಗೀರಿ ತೆಗೆದರೆ ಅದಿರಿನ ಕೆಂಪು ಪುಡಿ; ಉದುರಿದ್ದು ಕೆಳಗೆ ದ್ಯಾಮಕ್ಕನ ಮೇಲೂ ಬಿತ್ತು. ಹಗ್ಗಕ್ಕೆ ಹಾರೆ ಕಟ್ಟಿಸಿ ಮೇಲೆ ಎಳೆದುಕೊಂಡು ಒಳಗೆ ತುರುಕಿದ. ಹಾರೆ ಮೊಳ ಇಳಿಯಿತು, ಎರಡು ಮೊಳ ಇಳಿಯಿತು, ಕೊನೆಗೆ ಹಿಡಿದ ಕೈ ಪೊಟರೆಯ ಬಾಯಿಗೆ ತಾಗಿತು. ತಳ ಸಿಗಲಿಲ್ಲ.

ಏನಾಗಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಮರದ ಒಳಗೆ ಮರವೇ ಇರಲಿಲ್ಲ. ವರ್ಷಗಟ್ಟಲೆ ಲಾರಿಗಳು ಆ ಉಬ್ಬಿಗೆ ಜಿಗಿದಾಗ ಹಾರಿದ ಪುಡಿ ಎಲೆಗಳ ಮೇಲೆ ಕೂತು, ಮಳೆಗೆ ತೊಳೆದು ಕೊಂಬೆಗುಂಟ ಇಳಿದು, ಆ ಪೊಟರೆಗೆ ಸೇರಿ, ಹುಣಸೆಮರದ ಹೊಟ್ಟೆ ಬಾಯಿಮಟ್ಟ ತುಂಬಿತ್ತು. ಟೊಳ್ಳಿನಲ್ಲಿ ಜಾಗವೇ ಇಲ್ಲದ ಮೇಲೆ ಡಬ್ ಅನ್ನುವ ಸದ್ದು ಎಲ್ಲಿಂದ ಬರಬೇಕು? ಸುತ್ತ ಉಳಿದದ್ದು ನಾಲ್ಕು ಬೆರಳಿನಷ್ಟು ದಪ್ಪದ ಗೋಡೆ. ಒಳಗೆ ಕಬ್ಬಿಣದ ಭಾರ. ಕೆಳಗೆ ನೋಡಿದ. ಒಲೆಯ ಮುಂದೆ ನಿಂಗಕ್ಕ, ಬೆಂಚಿನ ಮೇಲೆ ಆರು ಜನ ಡ್ರೈವರುಗಳು, ಸರಿಯಾಗಿ ಅವನ ಪಾದದ ನೇರಕ್ಕೆ ಹಗ್ಗ ಹಿಡಿದ ದ್ಯಾಮಕ್ಕ. ಗಂಟಲಿಗೆ ಬಂದ ಕೆಮ್ಮನ್ನು ಕೂಡ ನುಂಗಿಕೊಂಡು ಅವನು ಇಳಿದ.

"ಎಲ್ರೂ ಏಳ್ರಿ. ದೂರ ಹೋಗ್ರಿ. ನಿಂಗಕ್ಕ, ಒಲಿ ಆರಿಸು. ಇದು ಬೀಳ್ತೈತಿ."

ನಿಂಗಕ್ಕ ಮಿರ್ಚಿ ಎತ್ತುವ ಜಾಲರಿ ಹಿಡಿದುಕೊಂಡೇ ನಿಂತಳು. "ಈಗರ ನಿಲ್ತೈತಿ ಅಂದಿ?"

"ತಪ್ಪು ಹೇಳಿದೆ."

"ತಪ್ಪು ಹೇಳಿದ್ಯೋ, ಮ್ಯಾಲ ಕುಂತು ತೂಕದವನ ಕೂಡ ಮಾತು ಕುದುರಿಸಿದ್ಯೋ?" ಅವಳ ದನಿ ಒಡೆಯಿತು. "ನಿನ್ನ ದೇವ್ರಂಗ ನಂಬಿದ್ನೆಲ್ಲೋ ಅಣ್ಣ!"

ಮೂವತ್ತು ವರ್ಷ ಒಬ್ಬರಿಂದಲೂ ಇಂಥ ಮಾತು ಕೇಳದವನು. ತೂಕದ ಕಟ್ಟೆಯವನು ದೂರದಲ್ಲಿ ನಿಂತು ಮೀಸೆಯಡಿ ನಗುತ್ತಿದ್ದದ್ದು ಬೇರೆ. ಉತ್ತರ ಕೊಟ್ಟದ್ದು ದ್ಯಾಮಕ್ಕನ ಕೈ. ಗಂಡನ ಕೈಯಿಂದ ಹಾರೆ ಕಸಿದು, ಮರದ ಹಿಂಬದಿಗೆ ಹೋಗಿ, ಸೊಂಟದೆತ್ತರದಲ್ಲಿದ್ದ ಕೊಳೆತ ಗಂಟಿಗೆ ಬೀಸಿ ಹೊಡೆದಳು. ನಾಲ್ಕನೇ ಏಟಿಗೆ ಗಂಟು ಕಳಚಿತು. ಮೊದಲು ಹಿಡಿಯಷ್ಟು ಕೆಂಪು ಪುಡಿ ಉದುರಿತು, ಆಮೇಲೆ ಚೀಲದ ಬಾಯಿ ಬಿಚ್ಚಿದ ಹಾಗೆ ಸುರಿಯತೊಡಗಿತು. ಸುರಿದು ಸುರಿದು ಅವಳ ಪಾದ ಮುಚ್ಚಿತು.

"ಪರ್ಮಿಟ್ ಇಲ್ಲದ ಗಣಿ ನೋಡ್ರಲೇ" ಎಂದ ಡ್ರೈವರೊಬ್ಬ. ಯಾರೂ ನಗಲಿಲ್ಲ. ಯಲ್ಲೇಶ್ ಬಂದು ಒಂದು ಹಿಡಿ ಎತ್ತಿ, ಬೆರಳಲ್ಲಿ ಉಜ್ಜಿ ನೋಡಿ, "ನಮ್ಮ ಮಾಲು ಮಾವ ಇದು" ಎಂದು ತಲೆ ತಗ್ಗಿಸಿದ. ನಿಂಗಕ್ಕ ಒಲೆಗೆ ನೀರು ಹಾಕಿದಳು.

ಎಂದೂ ಮರ ಉರುಳಿಸದ ಪಕೀರಪ್ಪ ಆ ಮರವನ್ನು ಎರಡು ದಿನ ತುಂಡು ತುಂಡಾಗಿ ಇಳಿಸಿದ. ಯಲ್ಲೇಶ್ ಲಾರಿ ಬದಿಗೆ ಹಾಕಿ, ಮತ್ತೆ ಹಗ್ಗ ಹಿಡಿದ. ಎರಡನೇ ದಿನ ಸಂಜೆ ನಿಂಗಕ್ಕ ಬಟಾಬಯಲಿನಲ್ಲಿ ಒಲೆ ಹೂಡಿ, ತಲೆ ಮೇಲೆ ಸೆರಗು ಹೊದ್ದು, ಮೂವರಿಗೂ ಚಾ ಕೊಟ್ಟಳು. ಇನ್ನೊಮ್ಮೆ ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಪಕೀರಪ್ಪನಿಗೆ.

ಊರಿಗೆ ಬರುವ ಬಸ್ಸಿನಲ್ಲಿ ಅವನು ಬೆರಳು ಮಡಚತೊಡಗಿದ. ಲಾರಿ ಓಡಾಡುವ ದಾರಿಗಳಲ್ಲಿ ಈ ಮೂರು ವರ್ಷದಲ್ಲಿ ತಾನು ಬಡಿದು 'ನಿಲ್ತೈತಿ' ಅಂದ ಮರಗಳು. ಹನ್ನೊಂದಕ್ಕೆ ನಿಂತ.

"ಶಾಲಿ ಅಂಗಳದ್ದು ಬಿಟ್ರಿ" ಅಂದಳು ದ್ಯಾಮಕ್ಕ, ಕಿಟಕಿಯಾಚೆ ನೋಡುತ್ತಲೇ. "ಯಮುನಾಬಾಯಾರ ಮನಿ ಬೇವಿಂದು ಬಿಟ್ರಿ."

ಹದಿಮೂರು. ಅಷ್ಟೂ ಮರಗಳ ಕೆಳಗೆ ಜನ ಅವನ ಒಂದು ಮಾತನ್ನು ನಂಬಿ ಕೂತಿದ್ದರು, ಮಲಗಿದ್ದರು, ದನ ಕಟ್ಟಿದ್ದರು. ಕೆಂಪು ಪುಡಿಯ ಮಾತನ್ನು ದ್ಯಾಮಕ್ಕ ಆವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಅದಕ್ಕೇ ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ಶಾಲೆಗೆ ಬೇಸಿಗೆ ರಜೆ ಇತ್ತು. ಹಾಗಾಗಿ ಮರುದಿನ ಬೆಳಿಗ್ಗೆ ಗಂಡಹೆಂಡಿರು ಮೊದಲು ಹೋದದ್ದು ಯಮುನಾಬಾಯಿಯವರ ಮನೆಗೆ. ಹೊಸಪೇಟೆಯಲ್ಲಿ ಲಾರಿ ಹಾಯುವ ರಸ್ತೆಗೆ ಹೊಂದಿದ ಹಳೇ ಮನೆ. ಹಿರಿಯ ಬೇವಿಗೆ ಮೊಮ್ಮಗ ವೇದಾಂತನ ಉಯ್ಯಾಲೆ ಕಟ್ಟಿತ್ತು. ಕಟ್ಟುವ ಮೊದಲು ಆಕೆ ಪಕೀರಪ್ಪನನ್ನು ಕರೆಸಿ ಕೇಳಿದ್ದರು. ಮಡಿಯುಟ್ಟು ತುಳಸಿಗೆ ನೀರು ಹಾಕುತ್ತಿದ್ದ ಆಕೆ ಇವರನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ನಾ ಕರಸಿಲ್ಲಲ್ಲಪಾ ಪಕೀರಪ್ಪ? ಕೆಲಸ ಕಡಿಮಿ ಆಗ್ಯದೇನು?"

"ದುಡ್ಡು ಬ್ಯಾಡ್ರಿ ಅಮ್ಮಾರ. ಹೋದ ವರ್ಷ ನಾ ಹೇಳಿದ ಮಾತು ವಾಪಸ್ ತಗಳ್ಳಾಕ ಬಂದೀನಿ."

ಆಕೆಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಆಕೆ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟರು. ಉಯ್ಯಾಲೆಯ ಮೇಲಿದ್ದ ಮೊಮ್ಮಗನನ್ನು ರಟ್ಟೆ ಹಿಡಿದು ಒಳಗೆ ಕಳಿಸಿ, "ಹತ್ತು, ಹತ್ತಿ ನೋಡು ಜಲ್ದಿ" ಅಂದರು.

ನಾಲ್ಕು ಕಡೆ ನಿಂತು ಹತ್ತಿದ. ಈ ಸಲ ಸುಮ್ಮನೆ ನಿಂತ. ಟೊಂಗೆ ತಟ್ಟುವ ನಾಟಕ ಮಾಡಲಿಲ್ಲ. ಕವಲಿನಲ್ಲಿ ಒಂದು ಪೊಟರೆ ಇದ್ದೇ ಇತ್ತು. ಕೈ ಹಾಕುವ ಮೊದಲು ಕಣ್ಣು ಮುಚ್ಚಿಕೊಂಡ. ಸಿಕ್ಕಿದ್ದು ಒಣಗಿದ ಎಲೆ, ಹಕ್ಕಿಯ ಪುಕ್ಕ; ನಾಲ್ಕು ಇರುವೆ ಕಚ್ಚಿದವು. ಗೇಣಿನಷ್ಟು ಆಳಕ್ಕೆ ಉಗುರಿಗೆ ಗಟ್ಟಿ ಮರ ತಾಗಿತು. ಹಾರೆ ಹಾಕಿ ಒತ್ತಿದ, ಇಳಿಯಲಿಲ್ಲ. ಇನ್ನೂ ಮೇಲೆ ಹತ್ತಿ ಎರಡು ಕವಲು ನೋಡಿದ. ಅಲ್ಲೂ ಗಟ್ಟಿ. ಕೊಂಬೆಯನ್ನು ತಬ್ಬಿಕೊಂಡು ಪಕೀರಪ್ಪ ಅತ್ತುಬಿಟ್ಟ. ಮುಖದ ಧೂಳಿನಲ್ಲಿ ಕಣ್ಣೀರು ಎರಡು ಗೆರೆ ಎಳೆಯಿತು.

"ಗಟ್ಟಿ ಐತ್ರಿ ಅಮ್ಮಾರ" ಅಂದ, ಕೆಳಗಿಳಿದು.

"ನೋಡು, ಎಷ್ಟು ಹೆದರಿಸಿಬಿಟ್ಟಿ! ನಿನ್ನ ಕಿವಿ ಎಂದರ ಸುಳ್ಳು ಹೇಳ್ಯದೇನು?" ಯಮುನಾಬಾಯಿ ನಗುತ್ತ ಮಜ್ಜಿಗೆ ತರಲು ಒಳಗೆ ಹೋದರು.

ಆ ಮಾತು ಎಷ್ಟು ಹಿತವಾಗಿತ್ತೆಂದರೆ, ಪಕೀರಪ್ಪ ಕೊಡಲಿ ತಿರುಗಿಸಿ ಹಿಡಿದ. ಕಿವಿಯನ್ನು ಬೇವಿನ ತೊಗಟೆಗೆ ಹಚ್ಚಿ, ಕಣ್ಣು ಮುಚ್ಚಿ ಬಡಿದ.

ಟಪ್.

ಮತ್ತೆ ಬಡಿದ. ಇನ್ನೊಂದು ಬದಿಗೂ ಬಡಿದ. ಬಹಳ ಹೊತ್ತು ಕಿವಿ ಹಚ್ಚಿಯೇ ನಿಂತ. ಬಂಡ್ರಿಯ ಹುಣಸೆಯೂ ಹೀಗೇ ಅಂದಿತ್ತು. ಕೂದಲೆಳೆಯ ಫರಕೂ ಇರಲಿಲ್ಲ.

"ದ್ಯಾಮಿ," ಅಂದ ಮೆಲ್ಲಗೆ, "ನನಗ ಎರಡೂ ಒಂದ ಕೇಳ್ತೈತಿ."

ದ್ಯಾಮಕ್ಕ ಹಗ್ಗ ಸುತ್ತುತ್ತಿದ್ದವಳು ಬಂದು ಅವನ ಕೈಯಿಂದ ಕೊಡಲಿ ತಗೊಂಡು ಚೀಲಕ್ಕೆ ಹಾಕಿದಳು. "ಕುಂದ್ರಿ ಒಂದೀಟು. ದಮ್ಮು ತಗಳ್ರಿ. ಇನ್ನ ಹನ್ನೆರಡು ಹತ್ತಬೇಕು."

ಪಕೀರಪ್ಪ ಬೇವಿನ ಬುಡಕ್ಕೆ ಬೆನ್ನು ಕೊಟ್ಟು ಕೂತ. ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಮಜ್ಜಿಗೆ ತಂದ ಯಮುನಾಬಾಯಿ, ಹಾಗಾದರೆ ಇನ್ನು ಹತ್ತು ವರ್ಷ ಚಿಂತೆಯಿಲ್ಲ ತಾನೆ ಎಂದು ಕೇಳಿದರು.

"ನನಗ ಗೊತ್ತಾಗಂಗಿಲ್ರಿ ಅಮ್ಮಾರ" ಅಂದ ಪಕೀರಪ್ಪ. "ಮುಂದಿನ ವರ್ಷ ಮತ್ತ ಹತ್ತಿ ನೋಡಬೇಕು."