ಹುಳದ ಮನೆಯ ಸಂಗೀತ

ಮೊನ್ನೆ ಮಂಡ್ಯದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ದಂಟಿನ ಕಟ್ಟುಗಳ ಮೇಲೆ ಹೊದಿಸಿದ್ದ ಒದ್ದೆ ಗೋಣಿಯನ್ನು ಎತ್ತಿ ಕೊಡವಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಿಂದಕ್ಕೆ ಹಾರಿ ಯಾರದೋ ಕಾಲು ತುಳಿದೆ. "ಯಾಕ್ ಸಾ, ಚೇಳು ಗೀಳು ಕಂಡ್ರಾ?" ಎಂದು ಆಕೆ ನಕ್ಕಳು. ಸೊಪ್ಪು ಕೊಳ್ಳದೆ ಮನೆಗೆ ಬಂದೆ. ಬೀದಿಯಲ್ಲಿ ನಿಂತು ಆಕೆಗೆ ಏನೆಂದು ವಿವರಿಸಲಿ? ನಿಮಗಾದರೆ ಹೇಳಬಹುದು. ಕೂತು ಓದುತ್ತಿದ್ದೀರಿ, ಸ್ವಲ್ಪ ಪುರುಸೊತ್ತು ಇರುವ ಹಾಗೆ ಕಾಣುತ್ತದೆ.

ನನ್ನ ಅಕ್ಕ ಜಯಮ್ಮನನ್ನು ಕೊಟ್ಟಿರುವುದು ಹಲಗೂರಿನ ಹತ್ತಿರದ ಒಂದು ಹಳ್ಳಿಗೆ. ಭಾವ ಶಿವಣ್ಣ ರೇಷ್ಮೆ ಬೆಳೆಗಾರರು. ಮನೆಯ ಹಿಂದೆ ಹುಳ ಸಾಕುವ ಉದ್ದನೆಯ ಕಟ್ಟಡವಿದೆ. ಹುಳದ ಮನೆ ಎನ್ನುತ್ತಾರೆ. ಅದರ ಒಂದು ತುದಿಯಲ್ಲಿ, ಹುಳದ ತಟ್ಟೆಗಳ ಸಾಲು ಮುಗಿಯುವಲ್ಲಿ, ಭಾವ ಎರಡು ಕುರ್ಚಿ, ಆಳೆತ್ತರದ ಸ್ಪೀಕರು, ಒಂದು ಹಳೆಯ ಕಬ್ಬಿಣದ ಆಂಪ್ಲಿಫೈಯರು ಇಟ್ಟುಕೊಂಡಿದ್ದರು. ಊರವರು ಅದಕ್ಕೆ ಹುಳಗಳ ಟೆಂಟ್ ಸಿನಿಮಾ ಎಂದು ಹೆಸರಿಟ್ಟಿದ್ದರು.

ಭಾವನ ಬಳಿ ಇದ್ದದ್ದು ಎಸ್‌ಎಸಿಡಿ ಎಂಬ ಜಾತಿಯ ಹಾಡಿನ ತಟ್ಟೆಗಳು. ನೋಡಲು ಮಾಮೂಲಿ ಸಿ.ಡಿ.ಯ ಹಾಗೆಯೇ ಮಿರಿಮಿರಿ. ಒಳಗೆ ಮಾತ್ರ ಎರಡು ಪದರ. ಒಂದನ್ನು ಯಾವ ಸಿ.ಡಿ. ಮಷೀನಾದರೂ ಓದುತ್ತದೆ. ಇನ್ನೊಂದರಲ್ಲಿ ಅದೇ ಹಾಡು ಬಹಳ ಸೂಕ್ಷ್ಮವಾಗಿ ದಾಖಲಾಗಿರುತ್ತದೆ, ಅದಕ್ಕೆಂದೇ ಮಾಡಿದ ಮಷೀನು ಬೇಕು. ಇದಕ್ಕೆ ಪೈಪೋಟಿಯಾಗಿ ಡಿವಿಡಿ ಆಡಿಯೊ ಎಂಬುದೂ ಬಂದಿತ್ತಂತೆ. ಇವೆರಡೂ ಜಗಳವಾಡುತ್ತಿದ್ದಾಗ ಜನ ಸುಮ್ಮನೆ ಫೋನಿನಲ್ಲಿ ಹಾಡು ಕೇಳಲು ಶುರುಮಾಡಿದರು. ಭಾವ ಮಾತ್ರ ಸೋತವರ ಕಡೆಯಲ್ಲೇ ಉಳಿದರು. ನಾನು ಎಂ.ಕಾಂ. ಮಾಡಿದವನು, ಆ ಎರಡು ಪದರಗಳ ವ್ಯತ್ಯಾಸ ನನ್ನ ಕಿವಿಗೆ ಎಂದೂ ಗೊತ್ತಾಗಿಲ್ಲ. ಒಮ್ಮೆ ಕಣ್ಣು ಮುಚ್ಚಿ, ಈಗ ನೋಡಿ ದನಿ ಹೇಗೆ ಬಿಚ್ಚಿಕೊಂಡಿತು ಎಂದು ತಲೆದೂಗಿದೆ. ಭಾವ ಇನ್ನೂ ಮಾಮೂಲಿ ಪದರವನ್ನೇ ಹಾಕಿದ್ದರು.

ಅವರಿಗೆ ಈ ಗೀಳು ಹತ್ತಿಸಿದ್ದು ಹುಳಗಳೇ ಎಂದು ನನ್ನ ಗುಮಾನಿ. ದೊಡ್ಡ ಹುಳಗಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಸೋನೆ ಹಿಡಿದ ಹಾಗೆ ಒಂದು ಸದ್ದು ಬರುತ್ತದೆ. ಭಾವ ಬಾಗಿಲಲ್ಲಿ ನಿಂತು ಅದನ್ನು ಆಲಿಸಿ, ಯಾವ ಸಾಲಿನ ಹುಳ ಮಂಕಾಗಿದೆ ಎಂದು ಹೇಳಬಲ್ಲವರು. ಅಂಥ ಕಿವಿಗೆ ಹಾಡಿಗಿಂತ ಹಾಡಿನ ನಡುವಿನ ಮೌನ ಮುಖ್ಯ. ಆ ಮೌನದಲ್ಲಿ ಅವರ ಸ್ಪೀಕರು ಗುಂಯ್ ಎನ್ನುತ್ತಿತ್ತು. ಒಳ್ಳೆಯ ತಟ್ಟೆ ತಂದಷ್ಟೂ ಆ ಗುಂಯ್ ಇನ್ನಷ್ಟು ಎದ್ದು ಕೇಳುತ್ತಿತ್ತು. ಊಟಕ್ಕೆ ಕೂತರೂ ಅದೇ ಮಾತು, ಅದೇ ಕೊರಗು.

ಕಳೆದ ಬೇಸಿಗೆಯಲ್ಲಿ ನಾನು ಹೋದಾಗ ಆ ಸದ್ದು ಇರಲಿಲ್ಲ. ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ಭಾವ ಮೀಸೆಯಡಿ ನಕ್ಕು, ಮೊದಲು ಕೇಳು ಎಂದರು. ಮಧ್ಯಾಹ್ನದ ಹೊತ್ತು. ಹುಳದ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಹುಳಕ್ಕೆ ರೋಗ ತಗಲುತ್ತದೆ. ಬಿಸಿಲಿಗೆ ಒಳಗೆ ಒಣಗದಿರಲೆಂದು ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದ್ದರು. ಒಳಗೆ ಯಾರೂ ಕೂಗಿ ಮಾತಾಡುವುದೂ ಇಲ್ಲ. ಊಟಕ್ಕೆ ಕರೆಯಬೇಕಾದರೆ ಅಕ್ಕ ಸದ್ದಿಲ್ಲದೆ ಬಂದು ಆಂಪ್ಲಿಫೈಯರಿನ ದನಿ ಇಳಿಸುತ್ತಾಳೆ, ನಾವು ಎದ್ದು ಹೋಗುತ್ತೇವೆ. ಇದು ಆ ಮನೆಯ ಪದ್ಧತಿ.

ಅಂದೂ ಬಂದಳು. ಎಡಗೈಯಲ್ಲಿ ಕಿಟಕಿಗೆ ಕಟ್ಟಲು ತಂದ ಒದ್ದೆ ಗೋಣಿ. ಬಲಗೈ ಚಾಚಿ ಆ ಕಬ್ಬಿಣದ ಪೆಟ್ಟಿಗೆಯ ತಿರುಗಣಿ ಹಿಡಿದಳು. ಹಿಡಿದವಳು ಹಾಗೇ ನಿಂತಳು.

ಇನ್ನು ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಈಗ ಬರೆಯುವಾಗಲೂ ನೋಡುತ್ತಿದ್ದೇನೆ. ಸ್ಪೀಕರಿನಲ್ಲಿ ಒಬ್ಬಾಕೆ ಹಾಡುತ್ತಿದ್ದಳು. ಸಾಲು ಮುಗಿಸಿ ಉಸಿರು ಎಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. ಅಕ್ಕನ ಕತ್ತು ಸ್ವಲ್ಪ ಹಿಂದಕ್ಕೆ ವಾಲಿತ್ತು, ಬಾಯಿ ತುಸು ತೆರೆದಿತ್ತು. ಅಕ್ಕ ಹಾಡಿಗೆ ಮೈಮರೆತಿದ್ದಾಳೆ ಎಂದುಕೊಂಡೆ ನಾನು. ಕೊನೆಗೂ ಇವಳಿಗೂ ಹಿಡಿಸಿತಲ್ಲ ಎಂದು ಖುಷಿಪಟ್ಟೆ. ಅಷ್ಟು ಹೊತ್ತೂ ಕರೆಂಟು ಅವಳ ಮೈಯೊಳಗೆ ಹರಿಯುತ್ತಿತ್ತು.

ಗೋಣಿಯಿಂದ ತೊಟ್ಟಿಕ್ಕುತ್ತಿದ್ದ ನೀರು ನೇರವಾಗಿ ಬೀಳದೆ ಅತ್ತಿತ್ತ ಸಿಡಿಯುತ್ತಿರುವುದು ಕಂಡಾಗ ಎದ್ದೆ. ಅವಳ ಹೆಗಲಿಗೆ ಕೈ ಚಾಚಿದೆ. ನನ್ನ ಬೆರಳಿಗೂ ಅವಳ ಸೀರೆಗೂ ನಡುವೆ ಗೇಣು ಜಾಗವೂ ಇರಲಿಲ್ಲ. ಅಷ್ಟರಲ್ಲಿ ಭಾವ ಕಣ್ಣು ತೆರೆದರು.

"ಮುಟ್ಬ್ಯಾಡ ಕಣ್ಲಾ!"

ಆ ಕಟ್ಟಡದಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಅಗಲ ತಟ್ಟಿ, ಚಂದ್ರಿಕೆ, ಗೋಡೆಗೆ ಒರಗಿತ್ತು, ಒಣಗಿದ್ದು. ಭಾವ ಅದನ್ನು ಎರಡೂ ಕೈಯಲ್ಲಿ ಬಾಗಿಲಿನ ಹಾಗೆ ಹಿಡಿದು ಅಕ್ಕನ ತೋಳಿಗೆ ಅಪ್ಪಳಿಸಿದರು. ಒಂದು ಸಲಕ್ಕೆ ಕೈ ಬಿಡಲಿಲ್ಲ. ಇನ್ನೊಂದು ಸಲಕ್ಕೆ ಅವಳು ಸೊಪ್ಪಿನ ರಾಶಿಯ ಮೇಲೆ ಬಿದ್ದಳು. ಹಾಡು ಮಾತ್ರ ನಿಂತಿರಲಿಲ್ಲ. ಗಾಯಕಿಯ ಉಸಿರು ಕೂಡ ಕೇಳಿಸುವ ಆ ಜಾಗದಲ್ಲಿ ನನ್ನ ಅಕ್ಕನಿಂದ ಒಂದು ಸಣ್ಣ ದನಿಯೂ ಬಂದಿರಲಿಲ್ಲ. ನನ್ನನ್ನು ಈಗಲೂ ನಿದ್ದೆಯಿಂದ ಎಬ್ಬಿಸುವುದು ಅದೇ.

ಪಕ್ಕದ ಮನೆಯವರ ಕಾರಿನಲ್ಲಿ ಮಳವಳ್ಳಿಯ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಅವಳ ಕಾಲು ಒತ್ತುತ್ತಿದ್ದೆ. ಯಾಕೆ ಒತ್ತುತ್ತಿದ್ದೆನೋ ತಿಳಿಯದು. ಎದೆಬಡಿತ ಸರಿಯಾಗಿದೆ, ಬಲಗೈಯ ಎರಡು ಬೆರಳು ಸುಟ್ಟಿವೆ, ಅದೃಷ್ಟ ದೊಡ್ಡದು ಎಂದರು ಡಾಕ್ಟರು. ಆಮೇಲೆ ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನಾನು ಕೇಳದೆಯೇ ಹೇಳಿದರು.

"ಅದು ಗುಂಯ್ ಅಂತಿತ್ತು ಕಣ್ಲಾ. ಪ್ಲಗ್ಗಲ್ಲಿ ದಪ್ಪ ಕಡ್ಡಿ ಕಿತ್ತಾಕುದ್ರೆ ನಿಂತ್ಕತದೆ ಅಂತ ಫೋನಲ್ಲಿ ಯಾರೋ ಏಳಿದ್ರು. ಕಿತ್ತಾಕ್ದೆ. ನಿಂತ್ಕತು."

ದಪ್ಪ ಕಡ್ಡಿ ಎಂದರೆ ಅರ್ಥಿಂಗಿನದು. ಎಲ್ಲಾದರೂ ಕರೆಂಟು ದಾರಿ ತಪ್ಪಿದರೆ ಅದನ್ನು ಭೂಮಿಗೆ ಇಳಿಸುವ ಕಡ್ಡಿ. ಅವರು ಆಂಪ್ಲಿಫೈಯರು, ತಟ್ಟೆ ಓದುವ ಮಷೀನು ಎರಡೂ ಪೆಟ್ಟಿಗೆಗಳದ್ದನ್ನು ಕಿತ್ತಿದ್ದರು. ಹುಳ ತಿನ್ನಲು ಬರುವ ಇಲಿ ಯಾವಾಗಲೋ ಆಂಪ್ಲಿಫೈಯರಿನೊಳಗೆ ನುಗ್ಗಿ ತಂತಿ ಕಚ್ಚಿತ್ತು. ಬರಿದಾದ ತಂತಿ ಕಬ್ಬಿಣಕ್ಕೆ ತಾಗಿತ್ತು. ಅದಕ್ಕೂ ಮುಂಚೆ ಎಷ್ಟು ದಿನ ಹಾಗೇ ಇತ್ತೋ, ಯಾರು ಬಲ್ಲರು? ನಾನೂ ಬರಿಗಾಲಲ್ಲೇ ಅಲ್ಲಿ ಕೂತಿದ್ದೆ.

ಕಳೆದ ಭಾನುವಾರ ಮತ್ತೆ ಹೋಗಿದ್ದೆ. ಭಾವ ವೈರಿಂಗು ಪೂರ್ತಿ ಹೊಸದಾಗಿ ಮಾಡಿಸಿ, ಪೆಟ್ಟಿಗೆಗಳನ್ನು ಮನೆಯ ಒಣ ಪಡಸಾಲೆಗೆ ತಂದಿದ್ದಾರೆ. ಮೂರೂ ಕಡ್ಡಿಯ ಪ್ಲಗ್ಗು. ಗುಂಯ್ ವಾಪಸು ಬಂದಿದೆ. ಅದರ ಬಗ್ಗೆ ಅವರು ಮಾತೆತ್ತುವುದಿಲ್ಲ. ಅಕ್ಕ ನೆಲದ ಮೇಲೆ ಕೂತು ಗೂಡು ಬೇರ್ಪಡಿಸುತ್ತಿದ್ದಳು. ಮೊದಲೆಲ್ಲ ಮಾತಾಡುತ್ತಲೇ ಬೆರಳಲ್ಲಿ ಒತ್ತಿ, ಗಟ್ಟಿ ಯಾವುದು, ಒಳಗೆ ಹುಳ ಸತ್ತು ಮೆತ್ತಗಾದದ್ದು ಯಾವುದು ಎಂದು ವಿಂಗಡಿಸಿ ಎಸೆಯುತ್ತಿದ್ದಳು. ಆ ಕೆಲಸದಲ್ಲಿ ಊರಿಗೇ ಅವಳ ಕೈ ಮುಂದು. ಗಾಯ ಮಾಯ್ದಿದೆ, ಆದರೆ ಆ ಎರಡು ಬೆರಳಿಗೆ ಸ್ಪರ್ಶ ಮರಳಿಲ್ಲ. ಒಂದು ಗೂಡನ್ನು ಒತ್ತಿದಳು, ಮತ್ತೆ ಒತ್ತಿದಳು, ತಿಳಿಯಲಿಲ್ಲ.

"ವಸಿ ಅದ್ನ ನಿಲ್ಸಿ," ಎಂದಳು ಭಾವನಿಗೆ.

ಭಾವ ಎದ್ದು ಸ್ವಿಚ್ಚನ್ನೇ ಆರಿಸಿದರು. ಹಾಡೂ ಗುಂಯ್ಯೂ ಒಟ್ಟಿಗೆ ನಿಂತವು. ಅಕ್ಕ ಗೂಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ನಾವಿಬ್ಬರೂ ಉಸಿರು ಬಿಗಿಹಿಡಿದು ಅವಳ ಮುಖ ನೋಡುತ್ತ ನಿಂತೆವು.

"ಜೀವ ಅದೆ," ಎಂದು ಗೂಡನ್ನು ಬುಟ್ಟಿಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡಳು.